ಕುದಿಯುವ ತಂಪು

ನಮ್ಮ ಅಬಲೂರಿನಲ್ಲಿ ಬೀಜದ ಪ್ಲಾಟು ಮಾಡುವವರು ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಂದುಕೊಳ್ಳುತ್ತಾರೆ, ಎತ್ತು ಕೊಡುತ್ತಾರೆ, ಬದುವಿನ ಮೇಲೆ ಬಾಯಿಗೆ ಬಂದಂತೆ ಬೈದಾಡಿ ಮರುದಿನ ಅದೇ ಮನೆಗೆ ಹೋಗಿ ಹೆಪ್ಪಿಗೆ ಮಜ್ಜಿಗೆಯನ್ನೂ ಕೇಳುತ್ತಾರೆ. ಆದರೆ ಒಬ್ಬರ ಫ್ರಿಜ್ಜಿನಲ್ಲಿ ಇನ್ನೊಬ್ಬರ ಪುಡಿ ಇಡುವುದಿಲ್ಲ. ಒಡಹುಟ್ಟಿದ ಅಕ್ಕತಂಗಿಯರಾದರೂ ಇಡುವುದಿಲ್ಲ.

ಪುಡಿ ಎಂದರೆ ಗಂಡು ಹೂವಿನ ಪುಡಿ. ಹೆಣ್ಣು ಸಾಲಿನ ಟೊಮ್ಯಾಟೊ ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ಕಿತ್ತೆಸೆದು, ಮರುದಿನ ಬೇರೆ ತಳಿಯ ಪುಡಿ ಮುಟ್ಟಿಸಬೇಕು. ಇದಕ್ಕೆ ನಾವು ಕ್ರಾಸಿಂಗ್ ಅನ್ನುತ್ತೇವೆ. ಒಂದು ಮನೆಯ ಪುಡಿ ಇನ್ನೊಂದರ ಜೊತೆ ಒಂದು ಚಿಟಿಕೆ ಬೆರೆತರೂ ಬಂದ ಬೀಜವನ್ನೆಲ್ಲ ಕಂಪನಿಯವರು ಮುಲಾಜಿಲ್ಲದೆ ಬೇಡ ಅನ್ನುತ್ತಾರೆ. ಬೀಜದ ಪ್ಲಾಟು ಇಲ್ಲದವರ ಫ್ರಿಜ್ಜೂ ಆಗಿಬರುವುದಿಲ್ಲ. ಹಾಲು, ಹಿಟ್ಟು, ನಿನ್ನೆಯ ಸಾರು, ತಾಸಿಗೊಮ್ಮೆ ತಣ್ಣೀರಿಗೆ ಬಾಗಿಲು ತೆಗೆಯುವ ಮಕ್ಕಳು; ಆ ತೇವಕ್ಕೆ ಪುಡಿ ಮುದ್ದೆಯಾಗಿ ಸಾಯುತ್ತದೆ. ಅದಕ್ಕೇ ನಾನು ನಮ್ಮ ಫ್ರಿಜ್ಜನ್ನು ದೇವರ ಕೋಣೆಯಲ್ಲಿ ಇಡಿಸಿದ್ದೆ. ಮಡಿಯಿಂದಲ್ಲ, ಕಾವಲಿಗೆ. ನಮ್ಮ ಮನೆಯ ಗಂಡಸರು ಎಲ್ಲಿ ಬೇಕಾದರೂ ನುಗ್ಗುತ್ತಾರೆ, ದೇವರ ಕೋಣೆಗೆ ಮಾತ್ರ ಕರೆದರೂ ಬರುವುದಿಲ್ಲ.

ಪ್ಲಾಟು ನನ್ನ ಸೊಸೆ ಪೂಜಾಳದು. ಹೊಲ ಮನೆಯದೇ, ಆದರೆ ಹಟ ಅವಳದು. ಮದುವೆಯಾಗಿ ಬಂದ ಮೊದಲ ವರ್ಷವೇ ಮಾವನ ಎದುರು ನಿಂತು, ಕೊಳವೆಬಾವಿಯ ಪಕ್ಕದ ತುಂಡು ನನಗೆ ಕೊಡಿ, ಬೀಜ ಮಾಡಿ ತೋರಿಸುತ್ತೇನೆ ಎಂದಳು. ನನ್ನ ಗಂಡ ಮಹಾಲಿಂಗಪ್ಪ ಹುಟ್ಟಾ ಗೋವಿನಜೋಳದ ಮನುಷ್ಯ. ಬಿತ್ತು, ಮಲಗು, ಮುರಿ, ಅಷ್ಟೇ ಅವರ ಕೃಷಿ. ಒಂದು ಸಲ ನೋಡೋಣ, ತಪ್ಪಿದರೆ ಮುಂದಿನ ವರ್ಷದಿಂದ ಆ ತುಂಡಿಗೂ ಗೋವಿನಜೋಳವೇ ಎಂದು ಎಲ್ಲರ ಮುಂದೆ ಹೇಳಿ ಒಪ್ಪಿದ್ದರು. ಆ ಮಾತು ಪೂಜಾಳ ತಲೆಯ ಮೇಲೆ ಕಟ್ಟಿದ ಕಲ್ಲಿನ ಹಾಗೆ ತೂಗುತ್ತಲೇ ಇತ್ತು.

ಅದರ ಮೇಲೆ ಗಂಡು ಸಾಲಿಗೆ ಎಲೆ ಮುದುಡಿಸುವ ಮುಟುರು ರೋಗ ಬಂತು. ಹೆಣ್ಣು ಸಾಲಿಗೆ ಹಬ್ಬೀತೆಂದು ಗಂಡು ಗಿಡಗಳನ್ನೆಲ್ಲ ಕಿತ್ತು ಸುಟ್ಟೆವು. ಕೀಳುವ ಮೊದಲು ಇದ್ದಬದ್ದ ಹೂ ಬಿಡಿಸಿ, ಒಣಗಿಸಿ, ಜರಡಿ ಹಿಡಿದು, ಪುಡಿಯನ್ನು ಸಣ್ಣ ಬಾಟಲಿಗಳಲ್ಲಿ ತುಂಬಿ ಫ್ರೀಜರಿನಲ್ಲಿ ಇಟ್ಟಳು. ಇನ್ನು ಹೊಸ ಪುಡಿ ಹುಟ್ಟುವ ಹಾಗಿರಲಿಲ್ಲ. ಹೊಲದ ತುಂಬ ಹೆಣ್ಣು ಹೂ ಕಾಯುತ್ತಿದ್ದವು, ಗಂಡೆಲ್ಲ ಆ ಬಾಟಲಿಗಳಲ್ಲಿತ್ತು.

ಆ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ದೇವರ ಕೋಣೆಯಿಂದ 'ಪುಸ್' ಎಂದು ಸೈಕಲ್ಲಿನ ಗಾಳಿ ಬಿಟ್ಟಂಥ ಸದ್ದು ಬಂತು. ಹಿಂದೆಯೇ ಪೂಜಾ ಚೀರಿದಳು.

"ಅತ್ತೀ! ಬರ್ರಿ ಲಗೂ!"

ಹೋಗಿ ನೋಡಿದರೆ ಫ್ರೀಜರಿನ ಬಾಗಿಲು ತೆರೆದಿದೆ, ಇವಳು ಒಳಗೆ ಹೆಬ್ಬೆರಳು ಒತ್ತಿಕೊಂಡು ನಿಂತಿದ್ದಾಳೆ. ಒಂದು ಬಾಟಲಿ ಬರ್ಫಕ್ಕೆ ಅಂಟಿಕೊಂಡಿತ್ತಂತೆ. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಕ್ರಾಸಿಂಗ್ ಚಿಮಟವನ್ನೇ ತೆಗೆದು ಮೀಟಿದ್ದಾಳೆ. ಮೊಗ್ಗಿನ ಎಸಳು ಹರಿಯದಂತೆ ಒಳಗಿನದ್ದನ್ನು ಕೀಳುವ ಮೊನೆ ಅದು. ಬಾಟಲಿ ಬಂತು, ಜೊತೆಗೆ ಫ್ರೀಜರಿನ ತಗಡಿಗೂ ತೂತು ಬಿತ್ತು. ಬೆರಳಿಟ್ಟು ತಡೆಯಲು ಹೋದವಳ ಹೆಬ್ಬೆರಳಿನ ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ಸಿಟ್ಟು ನೆತ್ತಿಗೇರಿತು. "ಕಣ್ಣ ಅಡವಿಟ್ಟೀಯೇನು? ಹೂವಿಗೆ ಹಾಕೋ ಚಿಮಟ ಫ್ರಿಜ್ಜಿಗೆ ಹಾಕ್ತಾರೇನ? ಮುಗೀತು ಹೋಗು, ಇನ್ನ ನಿನ್ನ ಮಾವ ಗ್ವಾಂಜ್ವಾಳ ಬಿತ್ತತಾರ, ನೀ ಹಕ್ಕಿ ಹೊಡ್ಕೊಂತ ಕುಂಡ್ರು!" ಎಂದು ಕೂಗಿದೆ. ಅವಳು ತುಟಿ ಕಚ್ಚಿಕೊಂಡು ಬಾಟಲಿಗಳನ್ನೇ ನೋಡುತ್ತಿದ್ದಳು.

ನನ್ನ ಅತ್ತೆ ಅಡಿವೆವ್ವ ಪಡಸಾಲೆಯಲ್ಲಿ ಕೂತಲ್ಲಿಂದಲೇ, "ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು. ತೂತಂತೂ ಬಿದ್ದೈತಿ. ಸರೋಜಾ, ಈಗ ನೀ ಮಾತಾಡಿ ಮನೀನೂ ಕೆಡಿಸಬ್ಯಾಡ. ಆ ದಾದಾಪೀರಗ ಫೋನ್ ಮಾಡು" ಎಂದರು. ವಯಸ್ಸಾದರೂ ಅತ್ತೆಯ ಮಾತು ಹರಿತ. ಬಾಯಿ ಮುಚ್ಚಿಕೊಂಡು ಫೋನ್ ಹಚ್ಚಿದೆ.

ದಾದಾಪೀರ ಹಿರೇಕೆರೂರಿನ ಫ್ರಿಜ್ ರಿಪೇರಿಯವನು. ಕೆಲಸಕ್ಕಿಂತ ಬಡಾಯಿ ಮುಂದೆ. ಹಾನಗಲ್ಲಿನಿಂದ ಸವಣೂರಿನವರೆಗೆ ತನ್ನ ಕೈ ಮುಟ್ಟದ ಫ್ರಿಜ್ಜೇ ಇಲ್ಲ ಎಂದು ಹೇಳಿಕೊಳ್ಳುತ್ತಾನೆ. ಆ ದಿನವೂ ಹಾಗೇ ಶುರು ಮಾಡಿದ. ನಾನು ಅರ್ಧಕ್ಕೆ ತಡೆದು ಆದದ್ದನ್ನು ಹೇಳಿದೆ.

"ಫ್ರಿಜ್ ಹಿಂದ ಒಂದ ಚೀಟಿ ಅಂಟಿಸಿರತಾರ ನೋಡ್ರಿ ಅಕ್ಕಾರ. ಗ್ಯಾಸಿನ ಹೆಸರ ಏನ ಬರದೈತಿ?"

ಪೂಜಾ ಬಗ್ಗಿ ಓದಿದಳು. "ಆರ್ ಆರುನೂರು ಎ. ಬೆಂಕಿ ಚಿತ್ರ ಐತಿ."

ದಾದಾಪೀರನ ದನಿ ಒಮ್ಮೆಲೇ ಬದಲಾಯಿತು. "ದೇವರ ಮುಂದ ದೀಪ ಹಚ್ಚೀರೇನು?"

"ಹಚ್ಚೇವಿ."

"ಮೊದ್ಲ ಶಾಂತ ಮಾಡ್ರಿ. ಅಡಿಗಿ ಒಲೀನೂ ಆರಿಸ್ರಿ. ಕಿಟಕಿ ಬಾಗಲಾ ಎಲ್ಲಾ ತಗೀರಿ. ಆ ಕ್ವಾಣ್ಯಾಗಿನ ಸ್ವಿಚ್ ಮುಟ್ಟಬ್ಯಾಡ್ರಿ, ಕಿಡಿ ಹಾರತೈತಿ. ಹೊರಗ ಮೀಟರ್ ಕಡೆ ಹೋಗಿ ಮೇನ್ ತಗದು ಎಲ್ಲಾರೂ ಅಂಗಳಕ್ಕ ಬರ್ರಿ. ಅದು ಅಡಿಗಿ ಗ್ಯಾಸಿನ ತಮ್ಮ ಇದ್ದಂಗ. ವಾಸನಿ ಇಲ್ಲ ಅಷ್ಟ, ನೆಲಾ ಹಿಡದ ಹರದಾಡತೈತಿ. ನಾ ಬರಾಕತ್ತೇನಿ."

ನಮ್ಮಲ್ಲಿ ದೇವರ ದೀಪವನ್ನು ಬಾಯಿಂದ ಊದಿ ಆರಿಸುವುದಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ಸರಸರ ಎದ್ದು ಬಂದು, ಜಗುಲಿಯ ಮೇಲಿನ ಚೆಂಡುಹೂ ತೆಗೆದುಕೊಂಡು ಬತ್ತಿಯ ಮೇಲಿಟ್ಟು ಒತ್ತಿಬಿಟ್ಟರು. "ದೇವರಿಗೆ ಕಣ್ಣ ಅದಾವ, ತಿಳ್ಕೊಂತಾನ. ಗ್ಯಾಸಿಗೆ ಕಣ್ಣಿಲ್ಲ" ಎಂದು ನನ್ನನ್ನೂ ಪೂಜಾಳನ್ನೂ ಹೊರಗೆ ದೂಡಿದರು.

ಗಾಳಿಯಾಡಿದ ಮೇಲೆ ಪೂಜಾ ಒಳಗೆ ಹೋಗಿ ಬಾಟಲಿಗಳನ್ನು ತಂದಳು. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ಸುತ್ತ ಫ್ರೀಜರಿನ ಬರ್ಫ ತುಂಬಿ, ಮೇಲೆ ಕೌದಿ ಸುತ್ತಿದಳು. ಆ ಬರ್ಫ ಕರಗುವವರೆಗೆ ಅವಳ ಪ್ಲಾಟಿಗೆ ಆಯುಷ್ಯ. ಬೇಸಿಗೆಯಲ್ಲದಿದ್ದರೂ ನಮ್ಮ ಕಡೆಯ ಬಿಸಿಲಿಗೆ ತಿಂಗಳ ಹಂಗಿಲ್ಲ. ಮಧ್ಯಾಹ್ನ ದಾಟುವುದು ಕಷ್ಟ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಗಂಡ, ನನ್ನ ಮಗ ಮೃತ್ಯುಂಜಯ, ಭತ್ತ ಕೊಯ್ಯುವ ಮಷೀನಿನ ಜೊತೆ ಹಾನಗಲ್ಲಿನ ಕಡೆಗೆ ಹೋಗಿದ್ದ. ಇದ್ದಿದ್ದರೆ ಅವಳಿಗೆ ಒಂದು ಹೆಗಲಾದರೂ ಇರುತ್ತಿತ್ತು.

ದಾದಾಪೀರ ಬೈಕಿನ ಮೇಲೆ ಬಂದ. ಮುಂದೆ ಹೊಟ್ಟೆ, ಹಿಂದೆ ಚೀಲ. ಮೊದಲು ಫ್ರಿಜ್ಜನ್ನು ಅಂಗಳಕ್ಕೆ ಹೊರಿಸಿದ. ಬಯಲಿನಲ್ಲಿ ಇಡುವವರೆಗೆ ಸ್ಕ್ರೂ ಡ್ರೈವರನ್ನೂ ಹೊರಗೆ ತೆಗೆಯಲಿಲ್ಲ. ಆಮೇಲೆ ಫ್ರೀಜರಿನೊಳಗೆ ತಲೆ ಹಾಕಿ ನೋಡಿ, "ಸೂಜಿ ಮೊನಿಯಷ್ಟ ತೂತು. ಅಷ್ಟ ಸಾಕು. ಇದನ್ನ ಅಂಗಡಿಗೆ ಒಯ್ಯಬೇಕು ಅಕ್ಕಾರ. ಇವತ್ತ ಆಗಂಗಿಲ್ಲ" ಎಂದ.

"ಯಾಕ ಆಗಂಗಿಲ್ಲ? ಎಂ-ಸೀಲ್ ಹಚ್ಚು, ಗ್ಯಾಸ್ ತುಂಬು, ನಡಿ. ನನ್ನ ತಂಗಿ ಮನ್ಯಾಗ ಹಂಗ ಮಾಡಿ ಹೋದ್ರು, ಚಾ ಆರೂದರಾಗ."

"ಎಷ್ಟ ದಿನಾ ನಡೀತು?"

ಶ್ರಾವಣಕ್ಕೆ ಮಾಡಿಸಿದ್ದು ದೀಪಾವಳಿಗೆ ನಿಂತಿತ್ತು. ಮತ್ತೆ ಗ್ಯಾಸ್ ಖಾಲಿಯಾಯಿತು ಎಂದು ತಂಗಿ ಅಂದಿದ್ದಳು.

"ಗ್ಯಾಸ್ ಅಂದ್ರ ಬೈಕಿನ ಪೆಟ್ರೋಲ್ ಅಲ್ರಿ ಅಕ್ಕಾರ, ಓಡಿಸಿದಂಗ ಖಾಲಿ ಆಗಾಕ. ಅದು ಖಾಲಿ ಆಗೂ ವಸ್ತುನ ಅಲ್ಲ. ಕಡಿಮಿ ಆತು ಅಂದ್ರ ಎಲ್ಲೋ ತೂತು ಐತಿ ಅಂತ ತಿಳ್ಕೋರಿ. ತೂತು ಮುಚ್ಚದ ತುಂಬೋದು ಸೋರೋ ಕೊಡಕ್ಕ ನೀರ ಹಾಕಿದಂಗ. ನಾ ಹಂಗ ಮಾಡಂಗಿಲ್ಲ. ಮತ್ತ ಇದು ಉರಿಯೋ ಗ್ಯಾಸು. ಒಳಗ ಉಳದದ್ದನ್ನ ಪೂರ್ತಿ ತಗದು ತೊಳೀದ ಬೆಂಕಿ ಹಚ್ಚಿ ಬೆಸಿಗಿ ಹಾಕಿದ್ರ, ಮೊದ್ಲ ನನ್ನ ಮೀಸಿ ಹೋಗತೈತಿ."

ಅವನ ಮಾತು ಸರಿಯಿತ್ತು. ಸರಿಯಿದ್ದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಪೂಜಾ ಕೌದಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅವಳ ಸೀರೆ ಆಗಲೇ ಅಲ್ಲಲ್ಲಿ ಒದ್ದೆಯಾಗುತ್ತಿತ್ತು.

ಆಗಷ್ಟೇ ಹೊಲದಿಂದ ಬಂದಿದ್ದ ನನ್ನ ಗಂಡ ಇಕ್ಕಳ ಹಿಡಿದು ಹೊರಬಂದರು. "ಮನ್ಯಾಗ ಎರಡ ಫ್ರಿಜ್ ಇಟ್ಕೊಂಡು ಇಷ್ಟ್ಯಾಕ ಒದ್ದಾಡ್ತೀರಿ? ಹಿತ್ತಲದಾಗ ಸರೋಜಾನ ಹಳೇದೈತಿ. ಅದರಾಗ ಏನಾರ ಗ್ಯಾಸ್ ಉಳದಿದ್ರ ತಗದು ಇದಕ್ಕ ಹಾಕೋದು. ಟ್ರ್ಯಾಕ್ಟರಿನ ಡೀಸಲ್ ಪಂಪಿಗೆ ಹಾಕಂಗಿಲ್ಲೇನು?" ಎಂದವರೇ ಉತ್ತರಕ್ಕೂ ಕಾಯದೆ ಹಿತ್ತಲಿಗೆ ನಡೆದರು. ಇಂಥ ಐಡಿಯಾ ಬರುವುದೂ, ಬಂದ ಕೂಡಲೇ ಕೈಯಲ್ಲಿ ಇಕ್ಕಳ ಇರುವುದೂ ಅವರಿಗೆ ಮಾತ್ರ ಸಾಧ್ಯ.

ದಾದಾಪೀರ ಆ ಹೊಟ್ಟೆ ಹೊತ್ತುಕೊಂಡು ಓಡಿದ ನೋಡಿ, ಹಾಗೆ ಓಡುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಸಾವಕಾರ್ರ! ಕೈ ತಗೀರಿ! ಮುಟ್ಟಬ್ಯಾಡ್ರಿ ಅದನ್ನ!" ಎಂದು ಕೂಗುತ್ತಿದ್ದ. ನಾವೆಲ್ಲ ಹಿಂದೆಯೇ ಹೋದೆವು. ಇಕ್ಕಳದ ಬಾಯಿ ಆಗಲೇ ತಾಮ್ರದ ಕೊಳವೆಯನ್ನು ಕಚ್ಚಿತ್ತು. ದಾದಾಪೀರ ನನ್ನ ಗಂಡನ ಮಣಿಕಟ್ಟು ಹಿಡಿದುಕೊಂಡಿದ್ದ. ಅವರ ಕೈ ಹಾಗೆ ಹಿಡಿಯುವ ಧೈರ್ಯ ನಮ್ಮ ಊರಲ್ಲಿ ಬೇರೆ ಯಾರಿಗೂ ಇಲ್ಲ.

ಆ ಹಳೆಯ ಫ್ರಿಜ್ಜು ನನ್ನ ತವರಿನದು. ಮದುವೆಯಲ್ಲಿ ನನ್ನ ಅಪ್ಪ ತಡಸದಿಂದ ಟೆಂಪೋದಲ್ಲಿ ಹಾಕಿ ಕಳಿಸಿದ್ದು. ಆಗ ಈ ಓಣಿಗೆಲ್ಲ ಅದೊಂದೇ ಫ್ರಿಜ್ಜು. ಹೆರಿಗೆ ಮನೆಯ ಔಷಧಿಯಿಂದ ಹಿಡಿದು ಮದುವೆ ಮನೆಯ ಹೂವಿನ ಸರದವರೆಗೆ ಎಲ್ಲವೂ ಅದರೊಳಗೆ ಮಲಗಿ ಎದ್ದಿವೆ. ಮುಂದೆ ಒಂದು ದಿನ ಸುಮ್ಮನಾಯಿತು. ಯಾರೋ ಒಬ್ಬ ಮೆಕ್ಯಾನಿಕ್ ಬಂದು ದೂರದಿಂದಲೇ ನೋಡಿ, ಗ್ಯಾಸ್ ಮುಗಿದಿದೆ, ಗುಜರಿಗೆ ಹಾಕಿ ಎಂದು ಹೇಳಿ ಹೋದ. ನನ್ನ ಗಂಡ ಹಾಕಲು ಹೊರಟಾಗಲೆಲ್ಲ ನಾನು ರಂಪ ಮಾಡಿ ಉಳಿಸಿಕೊಂಡಿದ್ದೆ. ಬಾಗಿಲು ಗಟ್ಟಿಯಾಗಿತ್ತು, ಇಲಿ ಹೋಗುತ್ತಿರಲಿಲ್ಲ. ಶಾವಿಗೆ, ಹಪ್ಪಳ, ಸಂಡಿಗೆಯನ್ನೆಲ್ಲ ಅದರಲ್ಲೇ ಇಡುತ್ತಿದ್ದೆ.

ದಾದಾಪೀರ ಅದರ ಬೆನ್ನಿನ ತಗಡನ್ನು ಹೆಗಲ ಮೇಲಿನ ಟವೆಲಿನಿಂದ ತಿಕ್ಕಿದ. ಮಾಸಿದ ಅಕ್ಷರ ಕಂಡವು. "ಆರ್ ಹನ್ನೆರಡು" ಎಂದ. ಬಡಾಯಿ ಇರಲಿಲ್ಲ ದನಿಯಲ್ಲಿ. ದರ್ಗಾದ ಬಾಗಿಲಲ್ಲಿ ಚಪ್ಪಲಿ ಬಿಟ್ಟವನ ಹಾಗೆ ಮೆತ್ತಗಾಗಿದ್ದ.

"ಇದು ಬ್ಯಾರೆ ಗ್ಯಾಸು, ಅದು ಬ್ಯಾರೆ ಗ್ಯಾಸು ಸಾವಕಾರ್ರ. ಇದನ್ನ ಅದಕ್ಕ ಹಾಕಾಕ ಬರಂಗಿಲ್ಲ. ಈ ಗ್ಯಾಸ್ ಮಾಡೋದ ಬಂದ್ ಆಗಿ ಎಷ್ಟೋ ವರ್ಷಾದ್ವು. ಈಗ ಅಂಗಡ್ಯಾಗ ಬೇಕಂದ್ರೂ ಸಿಗಂಗಿಲ್ಲ."

"ಇದ್ದರ ತಾನ? ಮುಗದೈತಿ ಅಂತ ಹೇಳ್ಯಾರಲ್ಲ" ಎಂದೆ.

"ತೂತಿಲ್ಲದ ಹೆಂಗ ಮುಗೀತೈತಿ?"

ಅವನು ಕೆಳಗೆ ಕೂತು ಕರಿ ಗಡಿಗೆಯಂಥ ಕಂಪ್ರೆಸರಿನ ಮಗ್ಗುಲ ಮುಚ್ಚಳ ಬಿಚ್ಚಿದ. ಬೆರಳಷ್ಟುದ್ದದ ಡಬ್ಬಿಯೊಂದನ್ನು ಹೊರತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಒಣಗಿದ ಶೇಂಗಾದ ಹಾಗೆ ಒಳಗೆ ಗಡಗಡ ಅಂದಿತು. "ಇದಕ್ಕ ರಿಲೇ ಅಂತಾರ. ಕಂಪ್ರೆಸರ್ ಎಬ್ಬಸೋದು ಇದರ ಕೆಲಸ. ಇದೊಂದ ಸತ್ತೈತಿ ನೋಡ್ರಿ. ಇದು ಸತ್ತದ್ದಕ್ಕ ಪೂರ್ತಿ ಪೆಟ್ಟಿಗೀನ ಮಣ್ಣ ಮಾಡೀರಿ." ಕರೆಂಟು ನೋಡುವ ಸಣ್ಣ ಮೀಟರಿನ ಮೊನೆಗಳನ್ನು ಅಲ್ಲಲ್ಲಿ ತಾಗಿಸಿದ. "ಮೋಟರಿನ ಕಾಯಿಲ್ ಜೀವಂತ ಐತಿ. ಪೈಪಿನ ಮ್ಯಾಲ ಎಲ್ಲೂ ಎಣ್ಣಿ ಕಲಿ ಇಲ್ಲ. ಸೋರಿದ್ರ ಎಣ್ಣಿ ಕಾಣತಿತ್ತು. ಗ್ಯಾಸ್ ಒಳಗ ಇರಬೇಕು."

"ಇರಬೇಕು ಅಂದ್ರ?" ಪೂಜಾ ಕೇಳಿದಳು. ಬಾಟಲಿಗಳನ್ನು ಗಂಟು ಕಟ್ಟಿದ ಮೇಲೆ ಅವಳು ಆಡಿದ ಮೊದಲ ಮಾತು.

"ನೋಡೋಣವ್ವಾ. ಕೊಯ್ದು ನೋಡಾಕ ಬರಂಗಿಲ್ಲ. ಓಡಿಸೇ ನೋಡಬೇಕು."

ಚೀಲದಿಂದ ಹೊಸ ರಿಲೇ ತೆಗೆದು ಕೂಡಿಸಿದ. ಇಲಿ ಕಡಿದ ವಾಯರು ಬದಲಿಸಿದ. ತೆಗೆದಿದ್ದ ಮೇನ್ ಮತ್ತೆ ಹಾಕಿಸಿ, ಹೊರಗಿನ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಹಾಕಿದ. ಏನೂ ಆಗಲಿಲ್ಲ. ಪೂಜಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಫ್ರಿಜ್ಜು ಒಮ್ಮೆ ಮೈ ಝಾಡಿಸಿತು, ಅದರ ಮೇಲಿನ ಧೂಳು ಉದುರಿತು. ಗುಂಯ್ ಎಂದು ಸಣ್ಣಗೆ ಸದ್ದು ಹಿಡಿಯಿತು. ನನಗೆ ಆ ಸದ್ದಿನ ಗುರುತು ಹತ್ತಿತು. ಬಾಣಂತನದಲ್ಲಿ, ಜ್ವರದಲ್ಲಿ, ಯಾರ ಜೊತೆಗೂ ಮಾತು ಬೇಡವಾದ ಸಿಟ್ಟಿನಲ್ಲಿ ನಾನು ಆ ಸದ್ದು ಕೇಳುತ್ತ ಮಲಗಿದವಳು. ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತೆಂದು ಒರೆಸಿಕೊಂಡೆ.

"ಕಂಪ್ರೆಸರ್ ಓಡೋದು ದೊಡ್ಡದಲ್ರಿ. ಗ್ಯಾಸ್ ಇಲ್ಲದನೂ ಓಡತೈತಿ" ಎಂದು ದಾದಾಪೀರ ನನಗೆ ಹಿಂದಿನ ಕರಿಯ ಜಾಲರಿಯನ್ನು ತೋರಿಸಿದ. "ಅಲ್ಲಿ ಅಂಗೈ ಇಡ್ರಿ ಅಕ್ಕಾರ."

ಇಟ್ಟೆ. ತಣ್ಣಗಿತ್ತು. ಸುಮ್ಮನೆ ಇಟ್ಟುಕೊಂಡೇ ನಿಂತೆ. ಮೊದಲು ನನ್ನ ಕೈಯದೇ ಬಿಸಿ ಅಂದುಕೊಂಡೆ. ಆಮೇಲೆ ಅಲ್ಲ ಎಂದು ತಿಳಿಯಿತು. ಜಾಲರಿಯ ಮೇಲ್ಭಾಗದಿಂದ ಬಿಸಿ ಮೆಲ್ಲಗೆ ಇಳಿದು ಬರುತ್ತಿತ್ತು.

"ಬೆಚ್ಚಗಾಗಾಕತ್ತೈತಿ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

"ಅದು ಒಳಗಿನ ಬಿಸಿ. ಗ್ಯಾಸ್ ಅದನ್ನ ಹೊತ್ಕೊಂಡ ಬಂದು ನಿಮ್ಮ ಕೈಯಾಗ ಇಟ್ಟ ಹೋಗಾಕತ್ತೈತಿ. ಈಗ ಫ್ರೀಜರಿಗೆ ಕಿವಿ ಹಚ್ಚಿ ಕೇಳ್ರಿ."

ಹಪ್ಪಳದ ಡಬ್ಬಿ ಸರಿಸಿ ಒಳಗೆ ತಲೆ ಹಾಕಿದೆ. ದೂರದ ಒಲೆಯ ಮೇಲೆ ಅನ್ನದ ಎಸರು ಬಂದ ಹಾಗೆ ಗುಳುಗುಳು ಸದ್ದು.

"ಏನದು?"

"ಕುದಿಯಾಕತ್ತೈತಿ."

"ಏನ ಹೇಳ್ತೀ? ತಂಪ ಮಾಡೋದು ಕುದೀತೈತೇನು? ಬೆಂಕಿ ಎಲ್ಲೈತಿ?"

"ನೀರಿಗೆ ಕುದಿಯಾಕ ಒಲಿ ಬೇಕು. ಇದಕ್ಕ ಬರ್ಫದಾಗಿನ ಬಿಸಿನ ಸಾಕ್ರಿ. ಒಳಗ ಇದ್ದ ಬಿಸಿ ತಗೊಂಡು ಕುದ್ದು ಆವಿ ಆಗತೈತಿ, ಇಲ್ಲಿ ಹಿಂದ ಬಂದು ಬಿಸಿ ಬಿಟ್ಟು ನೀರ ಆಗತೈತಿ, ಮತ್ತ ಒಳಗ ಹೋಗತೈತಿ. ಕುದಿಯೋದಕ್ಕ ನಾವು ತಂಪು ಅಂತೀವಿ."

ಬರ್ಫದಲ್ಲೂ ಬಿಸಿ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ನಾನು ಆ ಬಾಗಿಲು ತೆಗೆದು ಹಾಲು ಇಟ್ಟೆ, ಹಾಲು ತೆಗೆದೆ. ಕೈಯಳತೆಯ ದೂರದಲ್ಲಿ, ತಗಡಿನ ಆಚೆ, ಒಂದು ವಸ್ತು ಬೆಂಕಿಯಿಲ್ಲದೆ ಕುದಿಯುತ್ತ ಇತ್ತು. "ಎಷ್ಟ ಇರತೈತಿ ಒಳಗ?" ಎಂದು ಕೇಳಿದೆ. ಒಂದು ಬೊಗಸೆಗೂ ಕಡಿಮೆ ಎಂದ. ಆ ಅರೆ ಬೊಗಸೆಯನ್ನು ಯಾವುದೋ ಕಾರ್ಖಾನೆಯಲ್ಲಿ ಯಾರೋ ತುಂಬಿ, ಕೊಳವೆಯ ಬಾಯಿಗೆ ಬೆಸುಗೆ ಹಾಕಿ ಕಳಿಸಿದ್ದರು. ಅದು ಟೆಂಪೋದಲ್ಲಿ ತಡಸದಿಂದ ನನ್ನ ಹಿಂದೆ ಬಂತು. ನಾನು ಈ ಮನೆಯಲ್ಲಿ ಅತ್ತಿದ್ದು, ಬೈದದ್ದು, ಹೆತ್ತದ್ದು, ಮಗನ ಮದುವೆ ಮಾಡಿದ್ದು, ಎಲ್ಲದರ ಉದ್ದಕ್ಕೂ ಅದು ಕುದ್ದು ಇಳಿದು ಮತ್ತೆ ಕುದಿಯುತ್ತ ಅದೇ ಕೊಳವೆಯಲ್ಲಿ ಸುತ್ತಿದೆ. ಸತ್ತಿದೆ ಎಂದು ನಾವು ಹಿತ್ತಲಿಗೆ ಹಾಕಿದಾಗಲೂ ಒಂದು ಹನಿ ಎಲ್ಲಿಯೂ ಹೋಗದೆ ಕತ್ತಲಲ್ಲಿ ಕಾದು ಕೂತಿದೆ. ನನಗೆ ಮೈ ಜುಮ್ ಎಂದಿತು. ಗುಡಿಯಲ್ಲಿ 'ನಮಃ' ಅನ್ನುವಾಗಲೂ ಅಂಥ ಜುಮ್ಮು ನನಗೆ ಬಂದದ್ದಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ನನ್ನ ಗಂಡ ಇಕ್ಕಳವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. "ನಾ ಅದನ್ನ ಕತ್ತರಿಸಿದ್ರ ಏನ ಆಗ್ತಿತ್ತು?" ಎಂದು ಕೇಳಿದರು.

"ಏನೂ ಆಗ್ತಿರಲಿಲ್ರಿ. ಪುಸ್ ಅಂತಿತ್ತು, ಮುಗೀತಿತ್ತು. ಇದಕ್ಕ ಉರಿಯೂ ಇಲ್ಲ, ವಾಸನಿನೂ ಇಲ್ಲ. ನಾವು ಚಾ ಕುಡದು ಏಳತಿದ್ವಿ. ಅದು ಮ್ಯಾಲ ಹೋಗತಿತ್ತು." ದಾದಾಪೀರ ಆಕಾಶದ ಕಡೆ ನೋಡಿದ. "ಸೂರ್ಯನ ಸುಡು ಬಿಸಲ ತಡಿಯಾಕ ಮ್ಯಾಲ ಒಂದ ಪದರ ಐತ್ರಿ. ಅದನ್ನ ತಿಂತೈತಿ ಇದು. ಹುಬ್ಬಳ್ಳ್ಯಾಗ ನಮಗ ತರಬೇತಿ ಕೊಟ್ಟಾಗ ಹೇಳಿದ್ರು, ಒಮ್ಮೆ ಬಿಟ್ರ ನೂರ ವರ್ಷ ಅಲ್ಲೇ ಇರತೈತಂತ. ನಾನು ನಂಬಿರಲಿಲ್ಲ. ಲೆಕ್ಕ ಹಾಕಿದ ಮ್ಯಾಲ ನಿದ್ದಿ ಬರಲಿಲ್ಲ. ನಾ ಸತ್ತ, ನನ್ನ ಮಕ್ಕಳ ಸತ್ತ, ನನ್ನ ಕೈಲೆ ಬಿಟ್ಟ ಗ್ಯಾಸು ಇನ್ನೂ ಮ್ಯಾಲ ಇರತೈತಲ್ಲ ಅಂತ."

ಅತ್ತೆ ಗೋಡೆಗೆ ಒರಗಿ ಕೇಳುತ್ತಿದ್ದರು. "ನಮ್ಮ ಗುಡಿ ಕಲ್ಲಿನ ಅಕ್ಷರ ಇದ್ದಂಗ ಅನ್ನು. ಬರದಾವ ಹೋದ, ಬರಸಿದಾವ ಹೋದ, ಅಕ್ಷರ ಅದಾವ" ಎಂದರು.

"ಹೌದ್ರಿ ಅಮ್ಮಾರ. ಆದ್ರ ಅಲ್ಲಿ ಧರ್ಮ ಬರಸ್ಯಾರ. ನಾವು ಏನ ಬರೀತೇವಿ ಅನ್ನೋದ ನಮ್ಮ ಕೈಯಾಗ ಐತಿ."

ನನ್ನ ಗಂಡ ಇಕ್ಕಳವನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟರು.

ಪೂಜಾ ಒಬ್ಬಳೇ ಫ್ರೀಜರಿನ ಬಾಗಿಲಿಂದ ಕದಲಿರಲಿಲ್ಲ. "ಅತ್ತೀ" ಎಂದು ಪಿಸುಗುಟ್ಟಿದಳು. ತಗಡಿನ ಅಂಚಿನಲ್ಲಿ ಉಪ್ಪು ಉದುರಿಸಿದಷ್ಟು ಬೆಳ್ಳಗೆ ಕಂಡಿತು. ನಾವು ನೋಡುತ್ತಿದ್ದ ಹಾಗೆಯೇ ಅದು ಹಬ್ಬಿತು. ಗಂಟು ಬಿಚ್ಚಿದರೆ ಡಬ್ಬಿಯ ಬರ್ಫ ಪೂರ್ತಿ ನೀರಾಗಿತ್ತು. ಬಾಟಲಿಗಳನ್ನು ಒಂದೊಂದಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟಳು. ಹಳದಿ ಪುಡಿ ಉದುರುದುರಾಗಿಯೇ ಇತ್ತು. ಆದರೆ ಪುಡಿಯ ಜೀವ ಕಣ್ಣಿಗೆ ಕಾಣುವುದಿಲ್ಲ. ಸತ್ತ ಪುಡಿಯೂ ಅಷ್ಟೇ ಹಳದಿ.

"ಬದುಕೈತೇನ್ರಿ ಅಣ್ಣಾರ?" ಎಂದು ಅವಳು ದಾದಾಪೀರನನ್ನೇ ಕೇಳಿದಳು, ಅವನು ದೇವರೇನೋ ಎಂಬಂತೆ.

"ನನ್ನ ಗ್ಯಾರಂಟಿ ಫ್ರಿಜ್ಜಿಗವ್ವಾ. ಪುಡಿದು ಹೂವಿಗೇ ಗೊತ್ತು."

ಮರುದಿನ ಹೆಣ್ಣಾಳುಗಳನ್ನು ಕರೆದುಕೊಂಡು ಪೂಜಾ ಆ ಪುಡಿಯಿಂದಲೇ ಕ್ರಾಸಿಂಗ್ ಮಾಡಿದಳು. ಮಾಡುವುದಷ್ಟೇ ನಮ್ಮ ಕೈಯಲ್ಲಿ. ಪುಡಿ ಬದುಕಿದ್ದರೆ ಹೂವಿನ ತೊಟ್ಟು ಹಸಿರಾಗಿ ನಿಂತು ಒಳಗೆ ಕಾಯಿ ಹಿಡಿಯುತ್ತದೆ. ಸತ್ತಿದ್ದರೆ ತೊಟ್ಟು ಹಳದಿಯಾಗಿ, ಮುಟ್ಟಿದರೆ ಉದುರುತ್ತದೆ. ಅದು ಗೊತ್ತಾಗುವವರೆಗೆ ಪೂಜಾ ಊಟಕ್ಕೆ ಕೂತು ಎರಡು ತುತ್ತಿಗೇ ಕೈ ತೊಳೆದು ಏಳುತ್ತಿದ್ದಳು. ನಾನು ಅವಳ ತಟ್ಟೆಗೆ ತುಪ್ಪ ಹಾಕುತ್ತಿದ್ದೆ. ಬೈದ ಬಾಯಿಂದ ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ತುಪ್ಪ ಹಾಕುವುದು ಬರುತ್ತದೆ.

ನಡುವೆ ದಾದಾಪೀರ ಹೊಸ ಫ್ರಿಜ್ಜು ರಿಪೇರಿ ಮಾಡಿ ತಂದ. ತೂತಿನ ತಗಡನ್ನೇ ಬದಲಿಸಿದ್ದ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ, ಎಲ್ಲಿಯೂ ಗುಳ್ಳೆ ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಗ್ಯಾಸನ್ನು ಬಂಗಾರದ ಹಾಗೆ ತೂಗಿ ತುಂಬಿದ್ದೇನೆ ಎಂದು ಅರ್ಧ ಓಣಿಗೆ ಕೇಳುವಂತೆ ಹೇಳಿದ. ಪೂಜಾ ಬಾಟಲಿಗಳನ್ನು ಅದಕ್ಕೆ ಸಾಗಿಸಲು ಒಪ್ಪಲಿಲ್ಲ. ಹಳೆಯದರಲ್ಲೇ ಇರಲಿ ಎಂದಳು. ಹೋಗುವಾಗ ದಾದಾಪೀರ ನನಗೆ, "ಅದು ನಡ್ಯೋವಷ್ಟ ದಿನಾ ನಡೀಲಿ. ನಿಂತ ದಿನ ಗುಜರಿಯವಗ ಕೊಡಬ್ಯಾಡ್ರಿ, ನನಗ ಫೋನ್ ಮಾಡ್ರಿ. ಸಿಲಿಂಡರ್ ತಂದು ಒಂದ ಉಸರೂ ಹೊರಗ ಹೋಗದಂಗ ಇಳಿಸ್ಕೊಂಡ ಹೋಗತೇನಿ" ಎಂದ. ಕೊಡುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಮಾತು ಒರಟು, ಆದರೆ ತಪ್ಪುವುದಿಲ್ಲ.

ಕೊನೆಗೆ ನೋಡುವ ದಿನ ಬಂತು. ಬಿಸಿಲು ಏರುವ ಮೊದಲೇ ನಾನೂ ಪೂಜಾಳೂ ಹೊಲಕ್ಕೆ ಹೋದೆವು. ಹುಳ ಬರದಂತೆ ಪ್ಲಾಟಿನ ಸುತ್ತ ಕಟ್ಟಿದ ಬಲೆಯ ಬಾಗಿಲವರೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. "ನೀವ ನೋಡ್ರಿ ಅತ್ತಿ. ನನಗ ಆಗಂಗಿಲ್ಲ" ಎಂದಳು.

ಒಳಗೆ ಹೋಗಿ ಮೊದಲ ಸಾಲಿನಲ್ಲಿ ಬಗ್ಗಿದೆ. ಕ್ರಾಸ್ ಮಾಡಿದ ಹೂವಿಗೆ ಗುರುತಿಗಾಗಿ ತೊಟ್ಟಿನ ಹಸಿರು ಎಸಳನ್ನು ಕತ್ತರಿಸಿರುತ್ತೇವೆ. ಗುರುತಿದ್ದ ಮೊದಲ ಹೂವನ್ನು ಮುಟ್ಟಿದೆ. ಅದು ನನ್ನ ಬೆರಳಿಗೆ ಬಂದುಬಿಟ್ಟಿತು, ತೊಟ್ಟು ಹಳದಿಯಾಗಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಬಾಗಿಲಲ್ಲಿ ನಿಂತವಳಿಗೆ ಕಾಣದಂತೆ ಬೆನ್ನು ತಿರುಗಿಸಿ ಎರಡನೆಯದನ್ನು ಮುಟ್ಟಿದೆ. ಅಲ್ಲಾಡಲಿಲ್ಲ. ಬಾಡಿದ ಎಸಳು ಸರಿಸಿದೆ. ಒಳಗೆ ಸಾಸಿವೆಗಿಂತ ತುಸು ದಪ್ಪಗೆ, ಹೊಳೆಯುವ ಹಸಿರು ಕಾಯಿ ಕೂತಿತ್ತು. ಮೂರನೆಯದರಲ್ಲೂ ಇತ್ತು. ಅದರಾಚೆಯದರಲ್ಲೂ ಇತ್ತು. ಸಾಲಿನುದ್ದಕ್ಕೂ ಬಗ್ಗಿಕೊಂಡೇ ಹೋದೆ, ಬೆನ್ನು ನೆಟ್ಟಗೆ ಮಾಡುವುದೇ ಮರೆಯಿತು. ಕಣ್ಣಿಗೆ ಕಾಣದ ಗ್ಯಾಸು, ಗಾಳಿಗೆ ಹಾರಿಹೋಗುವ ಪುಡಿ. ಇಷ್ಟು ದೊಡ್ಡ ಹೊಲ, ಇಷ್ಟು ಜನ, ನಮ್ಮ ಕೂಗಾಟ, ಹಟ, ಎಲ್ಲ ಇವೆರಡರ ಮೇಲೆ ನಿಂತಿತ್ತಲ್ಲ ಎಂದು ನನಗೆ ದಿಗಿಲೂ ಆಯಿತು, ಕೈ ಮುಗಿಯಬೇಕು ಎಂದೂ ಅನ್ನಿಸಿತು. ಮಣ್ಣಿನಲ್ಲೇ ಕೂತೆ.

"ಪೂಜಾ, ಬಾರವ್ವ. ಹಿಡದೈತಿ" ಎಂದೆ.

ಅವಳು ಓಡಿ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹೂವಿನೊಳಗೆ ಇಣುಕಿದಳು. ತೆರೆದ ಬಾಯಿ ತೆರೆದೇ ಇತ್ತು. ಆಗ ನಮ್ಮ ಹಿಂದೆ ಸಪ್ಪಳವಾಯಿತು. ನನ್ನ ಗಂಡ ಯಾವಾಗ ಬಂದಿದ್ದರೋ, ಚಪ್ಪಲಿಯನ್ನು ಬಲೆಯ ಹೊರಗೆ ಬಿಟ್ಟು ಬರಿಗಾಲಲ್ಲಿ ಸಾಲಿನೊಳಗೆ ನಿಂತಿದ್ದರು. ಮೊಣಕಾಲಿಗೆ ಕೈಯೂರಿ ಕಷ್ಟಪಟ್ಟು ಬಗ್ಗಿ, ಸೊಸೆ ತೋರಿಸಿದ ಕಾಯಿಯನ್ನು ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ.

"ನಾಳೆ ಎಷ್ಟ ಮಂದಿ ಹೆಣ್ಣಾಳ ಬೇಕು ಹೇಳವ್ವ" ಎಂದರು. "ನಾನ ಹೋಗಿ ಕರಕೊಂಡ ಬರ್ತೇನಿ."